ಅಮೆರಿಕದ ಪರದೆ

ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ ದ್ಯಾಮಪ್ಪ ಸಾಹುಕಾರನನ್ನು ಅಮೆರಿಕದಿಂದ ಕೆಳಗಿಳಿಸಬೇಕೆಂದು ನರಗುಂದದ ವರ್ತಕರು ತೀರ್ಮಾನಿಸಿದರು. ಆ ಕೆಲಸ ಬಂದು ಬಿದ್ದದ್ದು ಅವನ ಮಗಳು ಕಳಕವ್ವನ ತಲೆಗೆ.

ವರ್ತಕರ ಸಂಘ ಮಾರುಕಟ್ಟೆಯ ಅಂಗಳದಲ್ಲಿ ಹೊಸ ಸಭಾಭವನ ಕಟ್ಟಿಸಿತ್ತು. ಊರಿನ ಹಳೆಯ ದಲಾಲಿ ಅಂಗಡಿಗಳ ಹಿರಿಯರ ಫೋಟೋಗಳನ್ನು ಅದರ ಗೋಡೆಗೆ ಸಾಲಾಗಿ ಹಾಕುವುದೆಂದು ಮಾತಾಗಿತ್ತು. ಬಂದ ಫೋಟೋಗಳಲ್ಲಿ ಎಲ್ಲರೂ ರುಮಾಲು ಸುತ್ತಿ, ಕುರ್ಚಿಯ ಮೇಲೆ ಕುಳಿತು, ತೂಕ ಸರಿಯಾಗಿಯೇ ಇದೆ ಎಂದು ರೈತನಿಗೆ ಹೇಳುವಾಗಿನ ಮುಖ ಮಾಡಿಕೊಂಡಿದ್ದರು. ದ್ಯಾಮಪ್ಪನದು ಮಾತ್ರ ನಿಂತ ಫೋಟೋ. ಧೋತರ, ಕರಿ ಕೋಟು, ತುದಿಯ ಚುಂಗು ಮೇಲಕ್ಕೆ ಬಿಟ್ಟು ಸುತ್ತಿದ ರುಮಾಲು, ತೋಳಿಗೆ ನೇತುಹಾಕಿದ ಛತ್ರಿ. ಕಾಲಡಿಯಲ್ಲಿ ಉಬ್ಬುತಗ್ಗಿನ ಬಿಳಿಯ ಛಾವಣಿ, ಪಕ್ಕದಲ್ಲಿ ಆಳೆತ್ತರದ ಬಿಳಿ ದಿಬ್ಬ, ಹಿಂದೆ ಒಂದು ಗೋಪುರ, ಗೋಪುರದ ಮೇಲೆ ಮನೆಯಷ್ಟು ದೊಡ್ಡದಾದ, ನಗುವ ಕೂಸಿನ ಚಿತ್ರ. ದ್ಯಾಮಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾನೆ. ಅವನ ಬದುಕಿನಲ್ಲಿ ಇದ್ದದ್ದು ಈ ಒಂದೇ ಫೋಟೋ.

“ಅತ್ತಿ, ಸಂಘದ ಹಿರೇರು ಸಂಗನಬಸವಜ್ಜಾರು ಒಪ್ಪವಲ್ರು,” ಎಂದ ಅನಿಲಕುಮಾರ. ಅವನು ಕಳಕವ್ವನ ತಮ್ಮನ ಮಗ; ಅಜ್ಜನ ಅಂಗಡಿಯನ್ನು ಈಗ ಅವನೇ ನಡೆಸುತ್ತಾನೆ. “ಇಷ್ಟ ಮಂದಿ ಹಿರೇರ ನಡುವ ಸ್ಟುಡಿಯೋದ ಪರದಿ ಮುಂದ ತಗಸಿದ ಫೋಟೋ ಹಾಕಿದ್ರ ನೋಡಿದವರು ನಗತಾರ ಅಂತಾರ. ಹಿಂದಿನ ಸೀನರಿ ಎಲ್ಲಾ ತಗಸಿ, ನೀಲಿ ಬಣ್ಣ ಹಾಕ್ಸಿ, ಕುರ್ಚಿ ಮ್ಯಾಲ ಕುಂತಂಗ ಮಾಡ್ಸಿ ಕೊಡ್ರಿ ಅಂದಾರ. ನಿಮ್ಮ ಗಜೇಂದ್ರಗಡದಾಗ ಸ್ಟುಡಿಯೋದ ಬಾಷಾ ಇದನ್ನ ಭಾಳ ಚಲೋ ಮಾಡ್ತಾನಂತಲ್ಲ, ಹೋಗೂ ಮುಂದ ಒಯ್ರಿ. ಐತವಾರ ಉದ್ಘಾಟನಿ ಐತಿ.”

“ಅದು ಪರದಿ ಫೋಟೋ ಅಂತ ನಿನಗ ಯಾರು ಹೇಳಿದ್ರು?”

ಅನಿಲಕುಮಾರ ತಲೆ ಕೆರೆದುಕೊಂಡ. “ಊರೆಲ್ಲಾ ಹೇಳತೈತಲ್ಲ ಅತ್ತಿ.”

ಹುಡುಗನ ತಪ್ಪೇನೂ ಇರಲಿಲ್ಲ. ಅವನು ಹುಟ್ಟುವ ಮೊದಲೇ ಆ ಮಾತು ಹುಟ್ಟಿ, ಬೆಳೆದು, ಮೀಸೆ ಬಂದು ಕುಳಿತಿತ್ತು. ಕಳಕವ್ವ ಫೋಟೋವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಚೀಲದೊಳಗಿಟ್ಟು ರೋಣದ ಬಸ್ಸು ಹತ್ತಿದಳು.

ಊರ ಬಾಯಿ ಮುಚ್ಚಲು ಮೂಕುಡಿ ಇಲ್ಲ ಎನ್ನುತ್ತಾರೆ. ಸುಳ್ಳು ಹೇಳಿದವನಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ, ಅವನು ಇನ್ನೊಂದು ಸುಳ್ಳು ಹೇಳಿ ಪಾರಾಗುತ್ತಾನೆ. ಪೇಚಿಗೆ ಬೀಳುವವನು ಖರೆ ಹೇಳಿದವನು. ಅವನ ಹತ್ತಿರ ಇರುವುದು ಒಂದೇ ಮಾತು. ಅದನ್ನೇ ಎಷ್ಟು ಸಲ ಅಂತ ಹೇಳಿಯಾನು?

ಕಳಕವ್ವ ಇನ್ನೂ ಪರಕರ ಉಡುವ ವಯಸ್ಸಿನವಳಿದ್ದಾಗ, ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ, ಮುಂಬಯಿಯ ಹತ್ತಿ ಸೇಠರೊಬ್ಬರು ಅಮೆರಿಕಕ್ಕೆ ಹೊರಟಾಗ ತಮ್ಮ ಜೊತೆಗೆ ದ್ಯಾಮಪ್ಪನನ್ನೂ ಕರೆದುಕೊಂಡು ಹೋದರು. ನ್ಯೂಯಾರ್ಕಿನಲ್ಲಿ ಆಗ ಜಗತ್ತಿನ ಮೇಳ ನಡೆದಿತ್ತು. ದೇಶದೇಶದವರು, ದೊಡ್ಡ ದೊಡ್ಡ ಕಂಪನಿಯವರು ತಮ್ಮ ತಮ್ಮ ಮಂಟಪ ಕಟ್ಟಿಕೊಂಡು ಕುಳಿತಿದ್ದರು. ದ್ಯಾಮಪ್ಪನ ಮನಸ್ಸು ಹಿಡಿದದ್ದು ಫೋಟೋದ ರೋಲು ಮಾಡುವ ಕಂಪನಿಯವರ ಮಂಟಪ. ಅವರು ಛಾವಣಿಯನ್ನೇ ಚಂದ್ರನ ನೆಲದ ಹಾಗೆ ಎಬ್ಬಿಸಿ, ಮಂದಿ ಹತ್ತಿ ನಿಂತು ಫೋಟೋ ತೆಗೆದುಕೊಳ್ಳಲಿ ಎಂದು ಬಿಟ್ಟಿದ್ದರಂತೆ. ಚಂದ್ರನ ಮೇಲೆ ಮನುಷ್ಯ ಇನ್ನೂ ಕಾಲಿಟ್ಟಿರಲಿಲ್ಲ, ನರಗುಂದದ ದ್ಯಾಮಪ್ಪ ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಾಗಿತ್ತು. ಫೋಟೋ ತೆಗೆದವರು ಸೇಠರು.

“ಗಿರಾಕಿನ್ನ ತಲಿ ಮ್ಯಾಲ ಹತ್ತಿಸ್ಕೊಂಡು ವ್ಯಾಪಾರ ಮಾಡೂದು ಅವರ ಕಡಿಂದ ಕಲೀಬೇಕು ನೋಡ,” ಎಂದು ಅಪ್ಪ ಹೇಳುತ್ತಿದ್ದುದು ಕಳಕವ್ವನಿಗೆ ಇನ್ನೂ ನೆನಪಿತ್ತು. “ಮನುಷ್ಯಾ ಮ್ಯಾಲ ಹತ್ತಿದ ಅಂದ್ರ ಫೋಟೋ ತಗೀತಾನ. ಫೋಟೋ ತಗದ ಅಂದ್ರ ರೋಲ್ ಮುಗೀತದ. ರೋಲ್ ಮುಗೀತು ಅಂದ್ರ ಕೆಳಗಿಳದು ಅವರ ಅಂಗಡಿಗೇ ಬರ್ತಾನ. ಎಂಥಾ ತಲಿ!”

ತೊಂದರೆ ಶುರುವಾದದ್ದು ಊರಿಗೆ ಬಂದ ಮೇಲೆ. ಆ ಸಣ್ಣ ಫೋಟೋವನ್ನು ದೊಡ್ಡದು ಮಾಡಿಸಲು ದ್ಯಾಮಪ್ಪ ಗಜೇಂದ್ರಗಡದ ಸ್ಟುಡಿಯೋಕ್ಕೆ ಕೊಟ್ಟ. ಅದನ್ನು ನಡೆಸುತ್ತಿದ್ದವನು ಬಾಷಾನ ಅಜ್ಜ. ಫೋಟೋ ತೆಗೆಯುವುದೂ ಅವನೇ, ಹಿಂದೆ ಬಿಡುವ ಪರದೆ ಬರೆಯುವುದೂ ಅವನೇ. ತಾಜಮಹಲು, ವಿಮಾನ, ಅರಮನೆಯ ಮೆಟ್ಟಿಲು ಎಲ್ಲ ಬರೆದು ಬೇಸರಗೊಂಡಿದ್ದವನ ಕೈಗೆ ಇದು ಸಿಕ್ಕಿತು. ಫೋಟೋ ದೊಡ್ಡದಾಗಿ ಸಾಹುಕಾರನ ಕೈ ಸೇರುವ ಹೊತ್ತಿಗೆ ಸ್ಟುಡಿಯೋದ ಗೋಡೆಯ ಮೇಲೆ ಹೊಸ ಪರದೆ ಇಳಿಬಿದ್ದಿತ್ತು. ಅದೇ ಗೋಪುರ, ಅದೇ ಚಂದ್ರನ ನೆಲ, ಅದೇ ಕೂಸು. ಕೂಸಿನ ಹಣೆಗೆ ಮಾತ್ರ ಅಜ್ಜ ದೊಡ್ಡದೊಂದು ಕುಂಕುಮ ಇಟ್ಟಿದ್ದ. ಮದುಮಕ್ಕಳ ಹಿಂದೆ ಬರಿ ಹಣೆಯ ಹೆಣ್ಣುಕೂಸು ನಿಲ್ಲಬಾರದೆಂದು ಗಿರಾಕಿಗಳು ತಕರಾರು ತೆಗೆದಾರು ಎಂಬ ಮುಂದಾಲೋಚನೆ.

ದ್ಯಾಮಪ್ಪ ಮೊದಲು ನಕ್ಕ. ನಮ್ಮ ಭಾಗದ ಮಂದಿಯೂ ಅಮೆರಿಕ ನೋಡಲಿ ಬಿಡು ಎಂದ. ಮಂದಿ ನೋಡಿದ್ದೇ ನೋಡಿದ್ದು! ರೋಣ, ಸೂಡಿಗಳಿಂದ ಬಂದರು, ಹೊಳೆಆಲೂರಿನಿಂದ ಚಕ್ಕಡಿ ಕಟ್ಟಿಕೊಂಡು ಬಂದರು. ಅಮೆರಿಕದ ಮುಂದೆ ನಿಂತು ಫೋಟೋ ತೆಗೆಸದ ಜೋಡಿಗೆ ಲಗ್ನವೇ ಪೂರ್ತಿ ಆಗಿಲ್ಲ ಎಂಬಂತಾಯಿತು. ಹೀಗೆ ಕೆಲವು ಸುಗ್ಗಿ ಕಳೆಯುವುದರಲ್ಲಿ ಸುತ್ತಲಿನ ಊರುಗಳ ಪಡಸಾಲೆಗಳಲ್ಲೆಲ್ಲ ಅದೇ ಗೋಪುರ, ಅದೇ ಕೂಸು. ಆಗಿನ್ನೂ ಹೊಸ ಮದುಮಗನಾಗಿದ್ದ ಇದೇ ಸಂಗನಬಸವ ಒಂದು ದಿನ ದ್ಯಾಮಪ್ಪನ ಅಂಗಡಿಗೆ ಬಂದವನು ಗೋಡೆಯ ಮೇಲಿನ ಫೋಟೋ ನೋಡಿ, ಹತ್ತು ಮಂದಿಯ ಎದುರು ಕೇಳಿಬಿಟ್ಟ:

“ಸಾಹುಕಾರ್ರ, ನೀವೂ ಗಜೇಂದ್ರಗಡಕ್ಕ ಹೋಗಿದ್ರೇನು?”

ಕುಳಿತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವನ ಹೆಸರು ಪರದಿ ದ್ಯಾಮಪ್ಪ. ಸ್ಟುಡಿಯೋದವನು ಯಾವುದೋ ಅಮೆರಿಕದ ಕ್ಯಾಲೆಂಡರು ನೋಡಿ ಪರದೆ ಬರೆದ, ಸಾಹುಕಾರ ಅದರ ಮುಂದೆ ನಿಂತು ಬಂದ, ಉಳಿದ ದಿನಗಳನ್ನು ಮುಂಬಯಿಯಲ್ಲಿ ಕಳೆದ ಎಂದು ಊರು ತನ್ನಷ್ಟಕ್ಕೆ ಕತೆ ಜೋಡಿಸಿಕೊಂಡಿತು. ಫೋಟೋದ ಕೂಸಿಗೆ ಕುಂಕುಮವಿಲ್ಲವಲ್ಲ ಎಂದರೆ, ಅದನ್ನು ಆಮೇಲೆ ಇಟ್ಟರು ಎಂದಿತು; ಫೋಟೋ ನೋಡಿಯೇ ಬರೆದೆ ಎಂದು ಬಾಷಾನ ಅಜ್ಜ ಹೇಳಿದರೆ, ಸಾಹುಕಾರನೇ ಹೇಳಿಸಿದ್ದು ಎಂದಿತು. ಪಾಸ್‌ಪೋರ್ಟು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದ್ಯಾಮಪ್ಪ ವಸ್ತ್ರದ ಕೆಳಗೆ ಬೆರಳು ಹಿಡಿದು, ಕಾಗದವಿಲ್ಲದೆ ದರ ಮುಗಿಸುತ್ತಿದ್ದ ಕಾಲದವನು. ಬೆರಳು ಬಿಟ್ಟ ಮೇಲೆ ಮಾತು ತಿರುಗಿಸಿದವನಲ್ಲ. “ನನ್ನ ಮಾತಿಗೆ ಕಾಗದ ಕೇಳಿದವರಿಗೆ ನಾ ಕಾಗದ ತೋರಸಂಗಿಲ್ಲ,” ಎಂದು ಹಟ ಹಿಡಿದ. ಫೋಟೋವನ್ನು ಅಂಗಡಿಯಿಂದ ಒಯ್ದು ಒಳಮನೆಯ ಕತ್ತಲೆಗೆ ಹಾಕಿದ. ಪಾಸ್‌ಪೋರ್ಟು ಇದ್ದ ಟ್ರಂಕು ಮುಂದೆ ಹೊಳೆಆಲೂರಿನ ತಮ್ಮನ ಮನೆ ಸೇರಿತು, ಒಂದು ಮಳೆಗಾಲ ಮಲಪ್ರಭೆ ಮನೆಯೊಳಗೆ ಬಂದು ಅದನ್ನು ಎತ್ತಿಕೊಂಡು ಹೋಯಿತು. ದ್ಯಾಮಪ್ಪ ಮತ್ತೆ ಸಾಯುವತನಕ ಕ್ಯಾಮರಾದ ಎದುರು ನಿಲ್ಲಲಿಲ್ಲ.

ಮಗಳ ಲಗ್ನದಲ್ಲೂ ನಿಲ್ಲಲಿಲ್ಲ. ಕಳಕವ್ವನಿಗೆ ಅದೊಂದು ಮಾತ್ರ ಇವತ್ತಿಗೂ ಮುಳ್ಳು.

ಅವಳನ್ನು ಕೊಟ್ಟದ್ದು ಗಜೇಂದ್ರಗಡಕ್ಕೇ. ಅಕ್ಕಿಕಾಳು ಬಿದ್ದ ಮೇಲೆ ಬೀಗರು ಎಲ್ಲರನ್ನೂ ಸ್ಟುಡಿಯೋಕ್ಕೆ ಹೊರಡಿಸಿದರು, ಅದೂ ಅಮೆರಿಕದ ಮುಂದೆಯೇ ಆಗಬೇಕೆಂದರು. ಬಾಷಾನ ಅಜ್ಜ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮದುಮಗಳ ಎಡಕ್ಕೆ ಜಾಗ ಬಿಟ್ಟು, “ಸಾಹುಕಾರ್ರ, ಬರ್ರಿ, ಮಗಳ ಮಗ್ಗಲಕ ನಿಂದರ್ರಿ,” ಎಂದು ಕರೆದ. ಅಪ್ಪ ಬಾಗಿಲವರೆಗೆ ಬಂದ. ಪರದೆ ನೋಡಿದ. “ಒಳಗ ಭಾಳ ಸೆಕಿ ಐತಿ, ನಾ ಹೊರಗ ನಿಂತಿರ್ತೀನಿ, ನೀವು ತಗಸ್ಕೊಳ್ರಿ,” ಎಂದು ತಿರುಗಿ ಹೋಗಿ ಸುಡುಸುಡು ಬಿಸಿಲಿನಲ್ಲಿ ನಿಂತುಕೊಂಡ. ಬೀಗರಿಗೆ ಬಿಟ್ಟ ಜಾಗವನ್ನು ತುಂಬಬಾರದು, ಬಂದೇ ಬರುತ್ತಾರೆ ಎಂದು ಅತ್ತೆ ಯಾರನ್ನೂ ಸರಿಯಗೊಡಲಿಲ್ಲ. ಅವನು ಬರಲಿಲ್ಲ. ಖಾಲಿ ಜಾಗದ ಸಮೇತ ಫೋಟೋ ಆಯಿತು.

ಆ ಫೋಟೋ ಈಗಲೂ ಕಳಕವ್ವನ ಪಡಸಾಲೆಯಲ್ಲಿ ಇದೆ. ಸೊಸೆ ಭಾರತಿ ಹಬ್ಬಕ್ಕೊಮ್ಮೆ ಧೂಳು ಹೊಡೆಯುತ್ತಾಳೆ. ಕಳಕವ್ವ ಮಾತ್ರ ಆ ಕಡೆ ಕಣ್ಣು ಹಾಯಿಸುವುದನ್ನು ಎಂದೋ ಬಿಟ್ಟಿದ್ದಳು. ನೋಡಿದರೆ ಸಿಟ್ಟು ಬರುತ್ತಿತ್ತು; ಊರಿನ ಮೇಲೋ, ಪರದೆಯ ಮೇಲೋ, ಅಪ್ಪನ ಮೇಲೋ ಎಂದು ತಿಳಿಯುತ್ತಿರಲಿಲ್ಲ.

ಅವಳು ಅಪ್ಪನನ್ನು ನಂಬಿದ್ದಳೇ? ನಂಬಿದ್ದಳು. ಆದರೆ ಮನಸ್ಸಿನೊಳಗೆ ನಂಬುವುದು ಬೇರೆ, ಮಾರುಕಟ್ಟೆಯ ನಡುವೆ ನಿಂತು ಎದೆ ತಟ್ಟಿ ಹೇಳುವುದು ಬೇರೆ. ಈಗ ನೀಲಿ ಬಣ್ಣ ಬಳಿಸಿ ಕೊಟ್ಟರೆ, ಹೌದು, ನಮ್ಮಪ್ಪ ಸುಳ್ಳು ಹೇಳಿದ್ದ ಎಂದು ಮಗಳೇ ಸಹಿ ಹಾಕಿದ ಹಾಗೆ. ಕೊಡದಿದ್ದರೆ ಗೋಡೆಯ ಮೇಲೆ ಅಪ್ಪನಿಗೆ ಜಾಗವೇ ಇಲ್ಲ. ರೋಣ ದಾಟಿ ಗಜೇಂದ್ರಗಡದ ಗುಡ್ಡ ಕಣ್ಣಿಗೆ ಬೀಳುವತನಕ ಅವಳು ಇದನ್ನೇ ತಿರುವಿಹಾಕಿದಳು. ಒಂದು ದಾರಿಯೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿದು ಬಾಷಾನ ಸ್ಟುಡಿಯೋಕ್ಕೆ ಹೋದಳು. ಬಾಷಾ ಒಳ್ಳೆಯ ಮನುಷ್ಯ, ನಲವತ್ತರ ಆಚೆಗಿನವನು, ಆಧಾರ್ ಕಾರ್ಡಿನ ಫೋಟೋಗಳಲ್ಲಿ ಮಂದಿ ಮನುಷ್ಯರ ಹಾಗೆ ಕಾಣುವುದಿಲ್ಲ ಎಂಬುದು ಅವನ ನಿತ್ಯದ ದುಃಖ. ಅವನ ಕಂಪ್ಯೂಟರಿನಲ್ಲಿ ತಲೆಯಿಲ್ಲದ ಮೈಗಳು ಸಿದ್ಧವಾಗಿರುತ್ತವೆ. ಇಳಕಲ್ ಸೀರೆಯ ಮೈ, ಕೋಟಿನ ಮೈ, ಕುರ್ಚಿಯ ಮೇಲೆ ಕುಳಿತ ಮೈ. ಯಾರಾದರೂ ತೀರಿಕೊಂಡರೆ ಮನೆಯವರು ಒಂದು ಸಣ್ಣ ಫೋಟೋ ತರುತ್ತಾರೆ, ಬಾಷಾ ತಲೆ ಎತ್ತಿ ಮೈಗೆ ಕೂಡಿಸಿ ಕೊಡುತ್ತಾನೆ. ಈ ಭಾಗದ ಗೋಡೆಗಳ ಮೇಲಿನ ಎಷ್ಟೋ ಅಜ್ಜಂದಿರು ಒಂದೇ ಕೋಟು ಹಾಕಿಕೊಂಡಿದ್ದಾರೆ, ಪಾಪ, ಅವರಿಗೇ ಗೊತ್ತಿಲ್ಲ.

“ಇದಾ ಏನ್ರಿ ಅವ್ವಾರ? ಹತ್ತು ಮಿನಿಟಿನ ಕೆಲಸ,” ಎಂದು ಬಾಷಾ ಫೋಟೋವನ್ನು ಕಂಪ್ಯೂಟರಿಗೆ ಹತ್ತಿಸಿದ. ಮೌಸನ್ನು ಅತ್ತಿತ್ತ ಓಡಿಸಿ ದ್ಯಾಮಪ್ಪನ ಸುತ್ತ ಗೆರೆ ಎಳೆದ. ಒಂದು ಗುಂಡಿ ಒತ್ತಿದ. ಗೋಪುರ ಹೋಯಿತು, ಕೂಸು ಹೋಯಿತು, ಚಂದ್ರನ ನೆಲ ಹೋಯಿತು. ಎತ್ತಲೂ ಏನೂ ಇಲ್ಲದ ಬೂದು ಬಯಲಿನಲ್ಲಿ ಅಪ್ಪ ಒಬ್ಬನೇ ಛತ್ರಿ ನೇತುಹಾಕಿಕೊಂಡು ನಿಂತಿದ್ದ, ಕಾಲ ಕೆಳಗೆ ನೆಲ ಕೂಡ ಇರಲಿಲ್ಲ.

ಕಳಕವ್ವ ಕೈ ಅಡ್ಡ ಹಿಡಿದಳು. “ನಿಂದ್ರಸೋ ತಮ್ಮಾ. ಮೊದಲ ಹ್ಯಾಂಗಿತ್ತೋ ಹಂಗ ಮಾಡು.”

ಬಾಷಾ ಅಮೆರಿಕವನ್ನು ತಿರುಗಿ ತಂದ. ಅವಳ ಮುಖ ನೋಡಿ ಸ್ಟೂಲು ಸರಿಸಿದ, ನೀರು ತರಿಸಿದ. ಸ್ವಲ್ಪ ಹೊತ್ತಿಗೆ ಕಳಕವ್ವ ತಾನಾಗಿಯೇ ಎಲ್ಲವನ್ನೂ ಹೇಳಿಕೊಂಡಳು. ಬಾಷಾ ಮೊಬೈಲಿನಲ್ಲಿ ಹುಡುಕಿ ಆ ಮಂಟಪದ ಹಳೆಯ ಚಿತ್ರಗಳನ್ನು ತೋರಿಸಿದ. ಗೋಪುರವಿತ್ತು, ಉಬ್ಬುತಗ್ಗಿನ ಛಾವಣಿಯಿತ್ತು, ಅದರ ಮೇಲೆ ಟೊಪ್ಪಿಗೆ ಹಾಕಿದ ಗಂಡಸರು, ಕ್ಯಾಮರಾ ಹಿಡಿದ ಹೆಂಗಸರು.

“ಮಂಟಪ ಇತ್ತಂತ ಗೊತ್ತಾತಲ್ರಿ. ಇದನ್ನ ತೋರಸ್ರಿ ಅವರಿಗೆ.”

“ಮಂಟಪ ಇರಲಿಲ್ಲ ಅಂತ ಯಾರೂ ಅಂದಿಲ್ಲೋ ತಮ್ಮಾ. ನಮ್ಮಪ್ಪ ಅದರ ಮ್ಯಾಲ ಇರಲಿಲ್ಲ ಅಂತಾರ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆ ಪರದಿ ಇನ್ನೂ ಐತೇನು?”

“ಐತ್ರಿ, ಮ್ಯಾಲ ಅಟ್ಟದಾಗ. ಅಜ್ಜನ ಕೈಕೆಲಸ ಅಂತ ಒಗೀಲಿಲ್ಲ. ಇಲಿ ಎಷ್ಟು ಬಿಟ್ಟಾವೋ ನೋಡಬೇಕು.”

“ಒಮ್ಮಿ ತೋರಸು. ನಮ್ಮಪ್ಪನ್ನ ಸುಳ್ಳಬುರುಕ ಮಾಡಿದ್ದು ಅದಾ ಅಲ್ಲಾ, ಸಾಯೂಕ ಮುಂಚಿ ಅದರ ಮಾರಿ ನೋಡ್ತೀನಿ.”

ಬಾಷಾ ಏಣಿ ಹಾಕಿ ಹತ್ತಿ, ಹಾಸಿಗೆಯ ಸುರುಳಿಯಂಥದ್ದೊಂದನ್ನು ಹೆಗಲ ಮೇಲೆ ಇಳಿಸಿದ. ಹಳೆಯ ಕೊಕ್ಕೆಗಳಿಗೆ ಕಟ್ಟಿ ಬಿಚ್ಚಿದ. ಧೂಳು ಇಳಿದ ಮೇಲೆ ಪರದೆ ಕಂಡಿತು. ಕಪ್ಪು ಬಿಳುಪಿನ ಕಾಲದ್ದು, ಬಣ್ಣ ಯಾಕೆ ದಂಡ ಎಂದು ಅಜ್ಜ ಬರಿ ಬೂದಿಬಣ್ಣದಲ್ಲೇ ಬರೆದಿದ್ದ. ಒಂದು ಮೂಲೆಯನ್ನು ಇಲಿ ತಿಂದಿತ್ತು. ಮೇಲೆ ಕುಂಕುಮದ ಕೂಸು ಹಲ್ಲು ಬಿಟ್ಟುಕೊಂಡು ನಗುತ್ತಲೇ ಇತ್ತು. ಅದನ್ನು ನೋಡಿ, ಅಳಬೇಕೆಂದು ಬಂದಿದ್ದ ಕಳಕವ್ವನಿಗೆ ನಗು ಬಂತು. ಇಷ್ಟು ಚಂದದ ಕುಂಕುಮ ಅಮೆರಿಕದ ಯಾವ ಕೂಸಿಗೂ ಸಿಕ್ಕಿರಲಿಕ್ಕಿಲ್ಲ.

ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. ಗೋಪುರ, ಅದರ ಬುಡ, ಉಬ್ಬುತಗ್ಗಿನ ನೆಲ, ಪಕ್ಕದ ಬಿಳಿ ದಿಬ್ಬ. ದಿಬ್ಬದ ಮೇಲೆ ಏನೋ ಕಪ್ಪಗೆ ಎದ್ದು ನಿಂತಿತ್ತು. ಕಳಕವ್ವ ಕನ್ನಡಕ ಒರೆಸಿಕೊಂಡು ಹತ್ತಿರ ಹೋದಳು. ಮೊದಲು ರುಮಾಲು ಕಂಡಿತು, ಆಮೇಲೆ ರುಮಾಲಿನ ಮೇಲೆದ್ದ ಚುಂಗು. ಕೆಳಗೆ ಅಗಲ ಭುಜ, ಭುಜದ ಕೆಳಗೆ ತೋಳಿನಿಂದ ನೇತಾಡುವ ಛತ್ರಿ.

“ಬಾಷಾ, ಆ ಫೋಟೋ ತಾರೋ ಇಲ್ಲಿ.”

ಫೋಟೋ ಹಿಡಿದು ನೋಡಿದರು. ಬಿಸಿಲು ಒಂದು ಕಡೆಯಿಂದ ಬಿದ್ದಿತ್ತು. ದ್ಯಾಮಪ್ಪನ ನೆರಳು ಅವನ ಕಾಲಬುಡದಿಂದ ನೆಲದ ಮೇಲೆ ಹರಿದು, ಬಿಳಿ ದಿಬ್ಬಕ್ಕೆ ತಾಗಿ, ಅಲ್ಲಿ ಎದ್ದು ನಿಂತಿತ್ತು. ರುಮಾಲು, ಚುಂಗು, ಭುಜ, ಛತ್ರಿ. ಬಾಷಾನ ಅಜ್ಜ ಫೋಟೋ ನೋಡಿ ಪರದೆ ಬರೆಯುವಾಗ ಮನುಷ್ಯನನ್ನು ಬಿಟ್ಟಿದ್ದ, ಅವನ ನೆರಳನ್ನು ಬಿಟ್ಟಿರಲಿಲ್ಲ.

“ಯಾ ಅಲ್ಲಾ,” ಎಂದ ಬಾಷಾ. “ಇದು ಅಮೆರಿಕದವರ ಯಾವುದೋ ಮೂರ್ತಿ ಅಂತ ತಿಳಕೊಂಡಿದ್ದೆನ್ರಿ ನಾ. ಅಜ್ಜನೂ ಹಂಗ ತಿಳದಿರಬೇಕು.”

ಕಳಕವ್ವ ಆ ನೆರಳಿನ ಭುಜವನ್ನು ಅಂಗೈಯಿಂದ ಸವರಿದಳು. ಕೈಗೆ ಧೂಳು ಹತ್ತಿತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಧೂಳಿನ ಕೈಯಲ್ಲೇ ಅನಿಲಕುಮಾರನಿಗೆ ಫೋನು ಹಚ್ಚಿ, “ನಾಳೆ ಸಂಗನಬಸವಣ್ಣಾರನ್ನ ಕರಕೊಂಡು ಬಾ. ಕಾರ್ ತರ್ತೀಯೋ, ಹೊತ್ತಗೊಂಡು ಬರ್ತೀಯೋ, ನನಗ ಗೊತ್ತಿಲ್ಲ,” ಎಂದಳು.

ಸಂಗನಬಸವ ಬಂದರು. ಎಪ್ಪತ್ತೈದು ದಾಟಿದ್ದರೂ ನಾಲಗೆಗೆ ಇನ್ನೂ ಹರೆಯ. ಕೋಲೂರಿಕೊಂಡು ಒಳಗೆ ಬಂದವರೇ ಪರದೆ ನೋಡಿ, “ಓಹೋ, ಅಮೆರಿಕ ಇನ್ನೂ ಇಲ್ಲೇ ಐತಿ! ಎಲ್ಲೋ ಹೋಗಿರಬೇಕು ಅಂತ ನಾ ಮಾಡಿದ್ದೆ,” ಎಂದರು.

“ಅಣ್ಣಾರ, ನೀವು ಈ ಪರದಿ ಮುಂದ ನಿಂತವರು. ನಮ್ಮಪ್ಪನೂ ಇದರ ಮುಂದನಾ ನಿಂತಿದ್ದ ಅಂತೀರಿ. ಹೌದಿಲ್ಲೋ?”

“ಹೌದವಾ ತಂಗಿ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು. ಆದ್ರ ಅಂಗೈ ಹುಣ್ಣಿಗೆ ಕನ್ನಡಿ ಯಾಕ?”

“ಹಂಗಾರ ಇದು ಯಾರ ನೆಳ್ಳ, ಹೇಳ್ರಿ.”

ಸಂಗನಬಸವ ಬಗ್ಗಿ ನೋಡಿದರು. ಬಾಷಾ ಫೋಟೋವನ್ನು ಪಕ್ಕದಲ್ಲಿ ಹಿಡಿದ. ಮುದುಕ ಪರದೆ ನೋಡಿದರು, ಫೋಟೋ ನೋಡಿದರು, ಮತ್ತೆ ಪರದೆ ನೋಡಿದರು.

“ನಮ್ಮಪ್ಪ ಪರದಿ ಮುಂದ ಬಂದು ನಿಂದ್ರೂಕಿಂತ ಮೊದಲ ಅವನ ನೆಳ್ಳ ಪರದಿಯೊಳಗ ಹ್ಯಾಂಗ ಬಂತ್ರಿ?” ಕಳಕವ್ವನ ದನಿ ಏರಲಿಲ್ಲ, ಏರಿಸುವ ಅಗತ್ಯವೇ ಇರಲಿಲ್ಲ. “ರುಮಾಲಿನ ಚುಂಗು ಸುದ್ದಾ, ಛತ್ರಿ ಸುದ್ದಾ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಸಿದ್ರೇನು ಇವರಜ್ಜ? ಫೋಟೋ ಮೊದಲರಿ. ಪರದಿ ಆಮ್ಯಾಲ. ನಮ್ಮಪ್ಪ ಹೋಗಿದ್ದ.”

ಸಂಗನಬಸವ ಕೋಲನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕುಳಿತರು. ಬಹಳ ಹೊತ್ತು ಆ ನೆರಳನ್ನೇ ನೋಡಿದರು. ಅವರಿಗೆ ತಮ್ಮ ಹರೆಯದ ಆ ಒಂದು ಮಾತು, ಅದಕ್ಕೆ ಬಿದ್ದ ನಗು ನೆನಪಾಗಿರಬೇಕು.

“ಸಾಹುಕಾರ ಹೋಗಿದ್ದ ಬಿಡವಾ,” ಎಂದರು ಕೊನೆಗೆ, ಮೆಲ್ಲಗೆ. ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. “ಒಮ್ಮೆರ ಗಟ್ಟಿಸಿ ಹೇಳಬೇಕಿತ್ತಪ್ಪ ಅವರು. ನಾ ನಕ್ಕೆ ಅಂತ ಸುಮ್ಮನಿದ್ರ ನಂದೇನು ತಪ್ಪು?” ಎಂದು ಸೇರಿಸಿದರು. ಆಮೇಲೆ ಅನಿಲಕುಮಾರನ ಕಡೆ ತಿರುಗಿ, “ನೀಲಿ ಬಣ್ಣ ಗೀಲಿ ಬಣ್ಣ ಏನೂ ಬ್ಯಾಡ. ಇದ್ದದ್ದು ಇದ್ದಂಗ ಹಾಕು. ನಟ್ಟನಡುವ ಹಾಕು. ಯಾರರ ನಕ್ರ ನಾ ಹೇಳ್ತೀನಿ ಅವರಿಗೆ,” ಎಂದರು.

ಅನಿಲಕುಮಾರ ಅತ್ತೆಯ ಕಡೆ ನೋಡಿ ಹಲ್ಲು ಕಿಸಿದ. ಬಾಷಾ ಎಲ್ಲರಿಗೂ ಚಹಾ ತರಿಸಿದ. ಮಾತು ಸಲೀಸಾಯಿತು. ಅಂದಿನ ಲಗ್ನಗಳು, ಚಕ್ಕಡಿಯ ಸಾಲು, ಅಜ್ಜ ಕರಿಬಟ್ಟೆಯೊಳಗೆ ತಲೆ ಹಾಕಿ ‘ನಗಬ್ಯಾಡ್ರಿ’ ಎಂದು ಗದರುತ್ತಿದ್ದುದು, ಎಲ್ಲ ಬಂದವು.

“ಆದ್ರ ಒಂದು ಮಾತು,” ಎಂದರು ಸಂಗನಬಸವ, ಬಶಿಯಲ್ಲಿ ಚಹಾ ಸುರುವಿಕೊಳ್ಳುತ್ತ. “ನಮ್ಮನಿಯಾಗೂ ಇದಾ ಪರದಿ ಫೋಟೋ ಐತಿ. ದಿನಾ ನೋಡ್ತೀನಿ. ಅದರಾಗ ಈ ನೆಳ್ಳ ಇಲ್ಲಪ್ಪ.”

“ಕಾಣಂಗಿಲ್ರಿ ಯಜಮಾನ್ರ,” ಎಂದ ಬಾಷಾ. “ಈ ದಿಬ್ಬದ ಮುಂದ ಹೆಣ್ಣಿನ ತಂದಿ ನಿಂದ್ರೂ ಜಾಗಾ. ನಮ್ಮಜ್ಜ ಯಾವಾಗಲೂ ಹಂಗ ನಿಂದ್ರಸ್ತಿದ್ದ. ನಿಮ್ಮ ಮಾವ ನಿಂತು ಮುಚ್ಚಿರ್ತಾರ. ಜೋಡಿ ಅಷ್ಟೇ ಬಂದ್ರ ಅಲ್ಲೊಂದು ಹೂವಿನ ಕುಂಡದ ಸ್ಟ್ಯಾಂಡ್ ಇಡತಿದ್ದ. ಹೆಣ್ಣಿನ ತಂದಿ ಜಾಗಾ ಖಾಲಿ ಬಿಟ್ಟು ಯಾರರ ಫೋಟೋ ತಗಸಿದ್ರ ಅಷ್ಟಾ ಕಾಣೂದು ಇದು. ಹಂಗ ಯಾರು ತಗಸ್ತಾರ್ರಿ?”

ಕಳಕವ್ವನ ಕೈಯಲ್ಲಿನ ಕಪ್ಪು ಅಲ್ಲಿಗೇ ನಿಂತಿತು.

ಅವಳು ಕಪ್ಪನ್ನು ಮೇಜಿನ ಮೇಲಿಟ್ಟು ಎದ್ದಳು. “ಎಲ್ಲಿಗ್ರಿ ಅತ್ತಿ?” ಎಂದ ಅನಿಲಕುಮಾರ. ಚಪ್ಪಲಿ ಮೆಟ್ಟಿಕೊಂಡಳೋ ಇಲ್ಲವೋ ಗೊತ್ತಿಲ್ಲ, ಬಜಾರದ ಬಿಸಿಲಿನಲ್ಲಿ ಸರಸರ ನಡೆದಳು. ದಾರಿಯಲ್ಲಿ ಇಬ್ಬರು ಮಾತಾಡಿಸಿದರು, ಅವಳಿಗೆ ಕೇಳಿಸಲಿಲ್ಲ. ಮಂಡಿನೋವಿನ ಹೆಂಗಸು ಹೀಗೆ ನಡೆಯುವುದನ್ನು ನೋಡಿ ಮನೆಯಲ್ಲಿ ಏನೋ ಆಗಿದೆ ಎಂದೇ ಅವರು ತಿಳಿದರು.

ಭಾರತಿ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅತ್ತೆಯ ಅವಸರ ನೋಡಿ ಮೊರ ಬಿಟ್ಟು ಎದ್ದಳು.

“ಯಾಕ್ರಿ ಅತ್ತಿ? ಏನಾತು?”

“ಆ ಫೋಟೋ ಇಳಸವಾ. ನನ್ನ ಲಗ್ನದ್ದು.”

ಭಾರತಿ ಸ್ಟೂಲು ಹತ್ತಿ ಫೋಟೋ ಇಳಿಸಿ ಕೊಟ್ಟಳು. ಕಳಕವ್ವ ಬಾಗಿಲ ಬೆಳಕಿಗೆ ಕುಳಿತು ಸೆರಗಿನಿಂದ ಗಾಜು ಒರೆಸಿದಳು. ನಡುವೆ ಬಾಸಿಂಗ ಕಟ್ಟಿಕೊಂಡ ಗಂಡ, ಪಕ್ಕದಲ್ಲಿ ತಲೆ ತಗ್ಗಿಸಿದ ತಾನು. ಆ ಕಡೆ ಅತ್ತೆ ಮಾವ, ಈ ಕಡೆ ಕೊನೆಗೆ ಅವ್ವ. ಅವ್ವನಿಗೂ ತನಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಆ ಜಾಗದಲ್ಲಿ ಕಪ್ಪಗೆ ಒಂದು ಕಲೆ. ಎಂದೋ ಒಂದು ಸಲ ಕಣ್ಣಿಗೆ ಬಿದ್ದಾಗ, ಗೋಡೆಯ ತೇವ ಫೋಟೋಕ್ಕೆ ಇಳಿದಿದೆ ಎಂದುಕೊಂಡು ಸುಮ್ಮನಾಗಿದ್ದಳು.

ತೇವವಲ್ಲ. ರುಮಾಲು ಇತ್ತು, ಚುಂಗು ಇತ್ತು. ತೋಳಿನಲ್ಲಿ ಛತ್ರಿ ಇತ್ತು. ಬಾಷಾನ ಅಜ್ಜ ಕರೆದು ತೋರಿಸಿದ ಜಾಗದಲ್ಲೇ, ಮಗಳ ಮಗ್ಗುಲಲ್ಲಿ, ಅವಳ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿತ್ತು.

ಕಳಕವ್ವ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. ಐವತ್ತು ವರ್ಷ ಮೀರಿ ಕಟ್ಟಿಟ್ಟದ್ದು, ತಡೆಯದೆ ಬಂತು. ಭಾರತಿ ಗಾಬರಿಯಾಗಿ ಪಕ್ಕದಲ್ಲಿ ಕುಳಿತು, ಅತ್ತೆಯ ಬೆನ್ನ ಮೇಲೆ ಕೈಯಿಟ್ಟು, ಫೋಟೋದಲ್ಲಿ ಏನಿದೆ ಎಂದು ಬಗ್ಗಿ ನೋಡಿದಳು.

“ಇದು ಯಾರ್ರಿ ಅತ್ತಿ, ಇಲ್ಲಿ ನಿಂತಾರಲ್ಲ?”

“ನಮ್ಮಪ್ಪ,” ಎಂದಳು ಕಳಕವ್ವ, ಮೂಗು ಒರೆಸಿಕೊಳ್ಳುತ್ತ. “ಸೆಕಿ ಭಾಳ ಐತಿ, ಹೊರಗ ನಿಂತಿರ್ತೀನಿ ಅಂದಿದ್ದ. ಇಲ್ಲೇ ನಿಂತಾನ ನೋಡು.”